ಗಿಬ್ ಟೊರೆನ್ಸ್ ಬಿತ್ತದ ಜೋಳ

ಮೊನೊಂಗಹೇಲ ಹೊಳೆಯ ಮೇಲೆ ಮಂಜು ಇನ್ನೂ ಕವಿದಿದೆ. ಗಿಬ್ ಟೊರೆನ್ಸ್ ಆಗಲೇ ಎದ್ದು ಗುಡಿಸಲ ಮುಂದೆ ಕೂತು, ಅಳತೆ ಸರಪಳಿಯ ಒಂದೊಂದೇ ಕೊಂಡಿಗೆ ಕರಡಿಯ ಕೊಬ್ಬು ಸವರುತ್ತಿದ್ದಾರೆ. ಹೆಂಡತಿ ಆಗ್ನೆಸ್ ಜೋಳದ ಗಂಜಿ ತಂದಿಟ್ಟು ಕುಟುಕುತ್ತಾರೆ: "ಇವತ್ತು ಯಾವ ನೆಲ ಅಳೀಬೇಕು ಅಂತ ನೆನಪಿದೆ ತಾನೆ? ಒರತೆ ಹತ್ರ ಸರಪಳಿ ಸ್ವಲ್ಪ ಸಡ್ಲ ಬಿಡಿ. ನೀರಾದ್ರೂ ಗೆರೆಯಿಂದ ಆಚೆ ಉಳೀಲಿ, ಮುಂದೆ ನಾವು ಕೇಳ್ಕೋಬಹುದು."

ಗಿಬ್ ಮುಂದಿನ ಕೊಂಡಿಗೆ ಕೊಬ್ಬು ಸವರುತ್ತಾರೆ. ಸರಪಳಿ ಹಿಡಿಯುವವರು ಅಳತೆಯಲ್ಲಿ ಮೋಸ ಮಾಡೆವೆಂದು ಬೈಬಲ್ ಮುಟ್ಟಿ ಆಣೆ ಮಾಡಿದವರು.

ಐರ್ಲೆಂಡಿನಲ್ಲಿ ಈ ಹೊಸ ನಾಡಿಗೆ ಹಡಗು ಹತ್ತಿದಾಗ ಅವರಿಗೆ ಇಪ್ಪತ್ತರ ಹರೆಯ. ಈಗ ತಲೆ ಪೂರ್ತಿ ನೆರೆತಿದೆ. ರಾಜನ ಹೆಸರಲ್ಲಿ ನೆಲ ಸಿಕ್ಕಿತೆಂದು ಈ ಕಣಿವೆಯಲ್ಲಿ ಎದೆಯುಬ್ಬಿಸಿ ಓಡಾಡುವವರ ಎಲ್ಲೆಗಳನ್ನು ಮುಳ್ಳು, ಕೆಸರು, ಹಾವು ಎನ್ನದೆ ಎಳೆದುಕೊಟ್ಟವರು ಇವರೇ. ಪಟ್ಟಾದ ಮೇಲೆ ಮೋಜಣಿದಾರರ ರುಜು ಬೀಳುತ್ತದೆ. ಸರಪಳಿ ಹಿಡಿದವನನ್ನು ಯಾರು ಕೇಳುತ್ತಾರೆ? ಅವರಿಗೆ ಅಂಗೈಯಗಲ ನೆಲವಿಲ್ಲ, ಇರುವ ಗುಡಿಸಲೂ ಪರರದು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಆಗ್ನೆಸ್ ಸುಮ್ಮನೆ ಅನ್ನುವುದಿಲ್ಲ.

ಹಾಗಂತ ಆಸೆ ಇಲ್ಲದವರಲ್ಲ. ಬಹಳ ಹಿಂದೆಯೇ, ಒರತೆಯ ಮೇಲಿನ ದಿಬ್ಬದ ಬಿಳಿ ಓಕ್ ಮರದ ತೊಗಟೆ ಕೆತ್ತಿ ತಮ್ಮ ಹೆಸರಿನ ಎರಡಕ್ಷರ ಕೊರೆದಿದ್ದರು. ನಮ್ಮ ಕಣಿವೆಯಲ್ಲಿ ಅದು 'ಈ ನೆಲ ನನ್ನದು' ಎಂದು ಸಾರಿದಂತೆ. ಆದರೆ ಸಾರಿದರೆ ಸಾಲದು, ಮುಸುಕಿನ ಜೋಳ ಬಿತ್ತಿ ಬೆಳೆ ತೆಗೆಯಬೇಕು. ಬಿತ್ತಿದವನದೇ ಹಕ್ಕು. ಪ್ರತಿ ವಸಂತದಲ್ಲೂ ಆಗ್ನೆಸ್ ಬೀಜದ ಚೀಲ ಕಟ್ಟಿಕೊಟ್ಟರು, ಪ್ರತಿ ವಸಂತದಲ್ಲೂ ಇನ್ಯಾರದೋ ಅಳತೆಯ ಕರೆ ಬಂತು.

"ಇದೊಂದು ಮುಗಿಸಿ ಬಿತ್ತೋಣ ಅಂದ್ಕೊಳ್ತಿದ್ದೆ. ಕಾಡಲ್ಲಿ ಹಿಟ್ಟು ಮುಗಿದುಹೋಗ್ತಿತ್ತು. ಬೀಜಾನೇ ಹುರ್ಕೊಂಡು ತಿಂದ್ಬಿಡ್ತಿದ್ವಿ," ಎಂದು ಕೇಳಿದವರಿಗೆ ಹೇಳಿ ಗಿಬ್ ನಗುತ್ತಾರೆ. ನಗು ಬೇಗ ಆರುತ್ತದೆ. ಅಯ್ಯೋ, ತಿಂದದ್ದು ಬೀಜವನ್ನಲ್ಲ, ಹೊಲವನ್ನೇ! ಹೋದ ವರ್ಷ ಕ್ಯಾಸ್ಪರ್ ಹೆಸ್ ಎಂಬ ಜರ್ಮನ್ ಹುಡುಗ, ಹೊಸದಾಗಿ ಮದುವೆಯಾದವನು, ಅದೇ ಒರತೆಯ ದಿಬ್ಬದಲ್ಲಿ ಜೋಳ ಬಿತ್ತಿ ಬೆಳೆದ. ಇವತ್ತಿನ ಅಳತೆ ಅವನದು.

ಒರತೆಯ ಹತ್ತಿರ ಗಿಬ್ ಕಾಲಿಗೆ ಕಲ್ಲಿನ ಗುದ್ದಲಿಯ ಮುರುಕೊಂದು ತಾಗುತ್ತದೆ. ಎತ್ತಿ ಮಣ್ಣು ಒರೆಸಿ ಮೋಜಣಿದಾರರಿಗೆ ತೋರಿಸುತ್ತಾರೆ.

"ಶಾನೀ ಜನರದ್ದು, ಸಾಹೇಬ್ರೆ. ನಮಗಿಂತ ಮೊದ್ಲು ಇಲ್ಲಿ ಅವ್ರು ಜೋಳ ಬೆಳೀತಿದ್ರು. ಬಿತ್ತಿದವನಿಗೇ ನೆಲ ಅಂದ್ರೆ..."

"ಬಾಯಿ ಮುಚ್ಕೊಂಡು ಸರಪಳಿ ಎಳಿ, ಟೊರೆನ್ಸ್," ಎಂದು ಮೋಜಣಿದಾರ ಪ್ಲೆಜರ್ ಗದರುತ್ತಾರೆ.

ಗಿಬ್ ಮುರುಕನ್ನು ಇದ್ದಲ್ಲೇ ಇಟ್ಟು ಸರಪಳಿ ಎಳೆಯುತ್ತಾರೆ. ಒಂದು ಹಿಡಿ ಸಡಿಲ ಬಿಟ್ಟಿದ್ದರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಹಿಮ್ಮಡಿಯೂರಿ ಜಗ್ಗುತ್ತಾರೆ. ಒರತೆ ಕ್ಯಾಸ್ಪರನ ಎಲ್ಲೆಯೊಳಗೇ ಬೀಳುತ್ತದೆ.

ಕೊನೆಯ ಮೂಲೆಗೆ ಗುರುತಿನ ಮರ ಅದೇ ಬಿಳಿ ಓಕ್. ಪ್ಲೆಜರ್ ಅಕ್ಷರಗಳತ್ತ ಬೆರಳು ತೋರುತ್ತಾರೆ: "ಇದನ್ನ ಕೆತ್ತಿ ತೆಗಿ. ನಾಳೆ ತಕರಾರು ಬೇಡ."

ಅಳತೆ ನೋಡಲು ಜೊತೆಗೇ ಬಂದಿದ್ದ ಕ್ಯಾಸ್ಪರನ ಮುಖ ಬಾಡುತ್ತದೆ. "ಇರ್ಲಿ ಬಿಡಿ ಗಿಬ್ ಮಾವ. ಅದೇನು ನನ್ನ ಜೋಳ ತಿನ್ನುತ್ತಾ?"

"ಬೇಡಪ್ಪ. ನಾಳೆ ನಿನ್ನ ಮಕ್ಕಳು ಕೋರ್ಟು ಕಚೇರಿ ಅಲೀಬಾರ್ದು."

ಕೊಡಲಿ ಏಳುತ್ತದೆ. ಎರಡಕ್ಷರ ಚಕ್ಕೆಯಾಗಿ ಹುಲ್ಲಿಗೆ ಬೀಳುತ್ತವೆ. ಅವು ಇದ್ದ ಜಾಗದಲ್ಲೇ ಗಿಬ್ ಎಲ್ಲೆಯ ಮೂರು ಕಚ್ಚು ಹಾಕುತ್ತಾರೆ. ಒಂದು ಚಕ್ಕೆಯನ್ನು ಕ್ಯಾಸ್ಪರ್ ಎತ್ತಿ ಕೊಡಲು ಬಂದರೆ ಬೇಡವೆಂದು ತಲೆಯಾಡಿಸುತ್ತಾರೆ.

ಸರಪಳಿ ಸುತ್ತುತ್ತಾ ಹೇಳುತ್ತಾರೆ: "ಯಾರು ಬೇಕಾದ್ರೂ ಮತ್ತೆ ಅಳೆದು ನೋಡ್ಲಿ, ಒಂದು ಗೇಣು ಹೆಚ್ಚುಕಮ್ಮಿ ಬರಲ್ಲ. ಇಷ್ಟು ನೆಟ್ಟಗೆ ನಾನು ಇನ್ಯಾರ ನೆಲಾನೂ ಅಳೆದಿಲ್ಲ. ನನ್ನದು ಅಂದ್ಕೊಂಡಿದ್ದೆನಲ್ಲ, ಅದಕ್ಕೆ."