ಬಡತನ ನೋಡಲು ಬಂದವರಿಗೆ ಕೋಳಿ ಸಾರು

ಅರಕೆರೆಯ ಮಾಯಮ್ಮನಿಗೆ ಒಂದು ಕಾಯಿಲೆಯಿತ್ತು. ಮದ್ದಿಲ್ಲದ ಕಾಯಿಲೆ. ಹೊಸಿಲ ಹತ್ತಿರ ಯಾರೇ ಬಂದು ನಿಂತರೂ ಹೆಸರು, ಊರು ಕೇಳುವ ಮೊದಲೇ "ಉಂಡ್ರಾ?" ಎಂದು ಕೇಳಿಬಿಡುತ್ತಿದ್ದಳು. ಇಲ್ಲ ಅಂದರೆ ಮುಗಿಯಿತು. ಹೂಂ ಅಂದರೂ ಮುಗಿಯಿತು, ಏಕೆಂದರೆ ಉಂಡೆ ಅನ್ನುವವರ ಮಾತನ್ನು ಅವಳು ಜನ್ಮದಲ್ಲಿ ನಂಬಿದವಳಲ್ಲ.

ಒಂದು ಸಲ ಬಿಲ್ಲು ಕಟ್ಟಿಲ್ಲವೆಂದು ಕರೆಂಟು ಕೀಳಲು ಲೈನ್‌ಮನ್ ಒಬ್ಬ ಏಣಿ ಹೊತ್ತು ಬಂದ. ಮಾಯಮ್ಮ ಅವನಿಗೆ ಮುದ್ದೆ, ಉಪ್ಪೆಸರು ಇಕ್ಕಿದಳು. ಉಂಡವನು ಹಾಗೇ ಜಗಲಿಯ ಮೇಲೆ ಒರಗಿದ. ಸಂಜೆ ಎದ್ದು ಕೂತು, ಉಂಡ ಮನೆಯ ದೀಪ ಆರಿಸುವುದು ಹೇಗಪ್ಪಾ ಎಂದು ತಲೆ ಕೆರೆದುಕೊಂಡು, ಏಣಿಯನ್ನು ಮತ್ತೆ ಹೆಗಲಿಗೇರಿಸಿ ಹೊರಟುಹೋದ. ಇನ್ನೊಂದು ಸಲ ಹಿಂದಿನ ಬೀದಿಗೆ ಹೆಣ್ಣು ನೋಡಲು ಬಂದಿದ್ದವರು ದಾರಿ ಕೇಳಲು ಇವಳ ಬಾಗಿಲಿಗೆ ಬಂದರು. ಹೊಟ್ಟೆ ಬಿರಿಯ ಉಂಡು ಹೋದವರು ಅಲ್ಲಿ ಒಂದು ತುತ್ತನ್ನೂ ಮುಟ್ಟಲಾಗದೆ ಎಲೆ ಮಡಿಸಿದರಂತೆ. ಹೆಣ್ಣಿನ ಮನೆಯವರು ಇಂದಿಗೂ ಮಾಯಮ್ಮನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಹಾಗಂತ ಇವರೇನು ದೊಡ್ಡ ಕುಳಗಳೇ? ಎಲ್ಲಿಯ ಮಾತು. ಗಂಡ ರಂಗಸ್ವಾಮಿ ನಾಲೆಯ ಮಗ್ಗುಲಿನ ಒಂದು ಚೂರು ಗದ್ದೆಯನ್ನು ಬೇರೆಯವರಿಂದ ವಾರಕ್ಕೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಗದ್ದೆಯವರಿಗೆ, ಉಳಿದ ಅರ್ಧ ಮನೆಗೆ. ಒಂದು ಎಮ್ಮೆ ಇತ್ತು, ಅದೂ ಮನಸ್ಸು ಬಂದಾಗ ಹಾಲು ಕೊಡುವಂಥದ್ದು. ಮತ್ತೆ ಬಂದವರಿಗೆಲ್ಲ ಇಕ್ಕುತ್ತಿದ್ದದ್ದು ಎಲ್ಲಿಂದ? ಹಿತ್ತಿಲ ಗೋಡೆಯಾಚೆಯಿಂದ. ನೆಂಟರು ಬಂದರೆ ನೆರೆಮನೆಯಿಂದ ಕೈಗಡ ತರುವುದು, ಅವರ ಮನೆಗೆ ನೆಂಟರು ಬಂದಾಗ ತೀರಿಸುವುದು ಆ ಕೇರಿಯ ರೂಢಿ. ಎಲ್ಲರೂ ಮಾಡುತ್ತಿದ್ದರು. ಮಾಯಮ್ಮ ಸ್ವಲ್ಪ ಜಾಸ್ತಿ ಮಾಡುತ್ತಿದ್ದಳು, ಅಷ್ಟೇ.

ಈ ಕಾಯಿಲೆ ಅವಳ ಮಗಳ ಬುಡಕ್ಕೇ ಬಂದದ್ದು ತೊಂಬತ್ತೈದನೇ ಇಸವಿಯಲ್ಲಿ. ಒಬ್ಬಳೇ ಮಗಳು ಯಶೋಧಳಿಗೆ ಬೆಂಗಳೂರಿನ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕೇರಿಯವರು ನಕ್ಕದ್ದೇ ನಕ್ಕದ್ದು. "ಅಲ್ಲ ಕಣ್ಲಾ ರಂಗಸ್ವಾಮಿ, ಬೇಸಾಯ ಕಲಿಯಾಕೆ ಬೆಂಗಳೂರ್ಗೆ ಹೋಗ್ಬೇಕಾ? ನಮ್ ಗದ್ದೇಲಿ ನಾಟಿ ಆಯ್ತಾ ಅದೆ, ಬಂದು ಕಲೀಲಿ ಬುಡು" ಎಂದು ಹಿಂದಿನ ಮನೆಯ ಶಿವಣ್ಣ ರೇಗಿಸಿದ. ಯಶೋಧ ನಗಲಿಲ್ಲ. ನಾಲೆ ತುಂಬಿ ಹರಿದರೂ ಅಪ್ಪನ ಗದ್ದೆಯ ಒಂದು ಮೂಲೆ ಮಾತ್ರ ವರ್ಷ ವರ್ಷವೂ ಸವುಳಾಗಿ, ಉಪ್ಪೆದ್ದು ಬೆಳ್ಳಗಾಗುವುದೇಕೆ ಎಂದು ಅವಳು ಚಿಕ್ಕಂದಿನಿಂದ ಕೇಳುತ್ತಲೇ ಇದ್ದಳು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರುವವರು ಆ ಕಾಲೇಜಿನಲ್ಲಿದ್ದಾರೆ ಅನ್ನುವುದು ಅವಳ ನಂಬಿಕೆ.

ಸೀಟು ಸಿಕ್ಕರೆ ಸಾಕೇ? ಫೀಸು, ಹಾಸ್ಟೆಲು, ಊಟ ಎಲ್ಲ ಆಗಬೇಕು. ಪಾಂಡವಪುರದಲ್ಲಿ ರೈತರ ಮಕ್ಕಳ ಓದಿಗೆ ನೆರವಾಗುವ ಸಂಘವೊಂದಿತ್ತು. ನಿಜವಾಗಿ ಬಡವರಾದರೆ ಓದು ಮುಗಿಯುವ ತನಕ ಎಲ್ಲ ಖರ್ಚೂ ಅವರದೇ. ಆದರೆ ಸಂಘದವರು ಕಾಗದ ನಂಬುತ್ತಿರಲಿಲ್ಲ. ಟ್ರಾಕ್ಟರು ಇಟ್ಟುಕೊಂಡವರೂ ಬಡವರೆಂದು ಸರ್ಟಿಫಿಕೇಟು ತಂದು ಟೋಪಿ ಹಾಕಿದ ಮೇಲೆ, ಪ್ರತಿ ಮನೆಗೂ ಒಬ್ಬರನ್ನು ಕಳಿಸಿ ಕಣ್ಣಾರೆ ನೋಡಿಸುತ್ತಿದ್ದರು. ಅರಕೆರೆಗೆ ಬರಬೇಕಾದವರು ಕರಿಯಯ್ಯ ಮೇಷ್ಟ್ರು. ರಿಟೈರಾದ ಹೆಡ್‌ಮಾಸ್ಟರು, ಸುಳ್ಳು ಹೇಳದವರು, ಸುಳ್ಳು ಹೇಳಿದವರನ್ನು ಬಿಡದವರು.

ರಂಗಸ್ವಾಮಿ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದ. "ಲೇ, ನಾವೇನೂ ನಾಟ್ಕ ಆಡ್ಬೇಕಾಗಿಲ್ಲ. ಇರೋದ್ನ ಇರೋ ಹಂಗೆ ತೋರ್ಸಿದ್ರೆ ಸಾಕು. ನೀನು ಮಾತ್ರ ಸುಮ್ನಿರು. ಒಂದ್ ಲೋಟ ನೀರು ಕೊಡು. ಅಷ್ಟೇಯ."

"ಮಜ್ಜಿಗೆ?"

"ನೀರು."

"ಬಿಸ್ಲಲ್ಲಿ ಬಂದಿರ್ತಾರೆ ಕಣಿ, ಚೂರು ಬೆಲ್ಲನಾರ..."

"ಮಗಳ ತಲೆ ಮೇಲೆ ಕೈ ಮಡಗಿ ಹೇಳು, ನೀರು ಅಂತ."

ಮಾಯಮ್ಮ ಯಶೋಧಳ ತಲೆ ಮೇಲೆ ಕೈಯಿಟ್ಟು ನೀರು ಅಂದಳು. ಯಶೋಧ ಅವ್ವನ ಮುಖ ನೋಡಿದಳು. ಅವಳಿಗೆ ಆಗಲೇ ಅನುಮಾನ ಬಂದಿತ್ತು.

ಮೇಷ್ಟ್ರು ಬಂದದ್ದು ನಡುಮಧ್ಯಾಹ್ನ. ಬಸ್ಸು ಕೆಟ್ಟು ನಿಂತು ನಾಲೆಯ ಏರಿ ಮೇಲೆ ನಡೆದೇ ಬಂದಿದ್ದರು. ಮಾಯಮ್ಮ ನೀರು ಕೊಟ್ಟು, ತುಟಿ ಬಿಗಿಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಳು. ಮೇಷ್ಟ್ರು ಹೆಂಚು ನೋಡಿದರು, ಹೆಂಚಿನ ಸಂದಿಯಿಂದ ಆಕಾಶವನ್ನೂ ನೋಡಿದರು. ಅಟ್ಟ ನೋಡಿದರು. ಮೂಲೆಯ ಮಡಕೆ ತಟ್ಟಿದರು, ಅದು ಖಾಲಿ ಸದ್ದು ಮಾಡಿತು. ಎಮ್ಮೆ ನೋಡಿದರು, ಎಮ್ಮೆ ಅವರನ್ನು ನೋಡಿ ಮುಖ ತಿರುಗಿಸಿತು. ಎಲ್ಲ ಬಹಳ ಚೆನ್ನಾಗಿ ನಡೆಯುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಬಡತನವನ್ನು ಮೇಷ್ಟ್ರು ಈಚೆಗೆ ನೋಡಿರಲಿಲ್ಲವೆಂದು ಕಾಣುತ್ತದೆ, "ಓದ್ಲಿ ಬುಡವ್ವ, ಓದ್ಬೇಕಾದ ಮಗು" ಎಂದೂ ಅಂದರು. ರಂಗಸ್ವಾಮಿಯ ಹೆಗಲ ಮೇಲಿನ ಭಾರ ಸ್ವಲ್ಪ ಇಳಿಯಿತು.

ಅಲ್ಲಿಗೆ ಎದ್ದು ಹೋಗಬಾರದಿತ್ತೇ ಆ ಪುಣ್ಯಾತ್ಮ? ಜಗಲಿಯ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಮುಂದ್ಲ ಬಸ್ಸು ಎಷ್ಟೊತ್ಗೋ. ಬೆಳಗ್ಗಿಂದ ಬಾಯ್ಗೆ ಏನೂ ಬಿದ್ದಿಲ್ಲ ನೋಡು ರಂಗಸ್ವಾಮಿ, ಕಣ್ಣು ಕತ್ಲೆ ಬತ್ತಾ ಅದೆ" ಅಂದರು. ಏನೋ ಮಾತಿಗೆ ಅಂದದ್ದು.

ರಂಗಸ್ವಾಮಿ ಹೆಂಡತಿಯನ್ನು ನೋಡಿದ. ಮಾಯಮ್ಮ ನೆಲ ನೋಡಿದಳು. ಯಶೋಧ ಹಿಂದಿನಿಂದ ಅವ್ವನ ಸೆರಗು ಹಿಡಿದುಕೊಂಡಳು. ಮಾಯಮ್ಮ ತಡೆದಳು, ನಿಜಕ್ಕೂ ತಡೆದಳು. ಹಸಿದವರೊಬ್ಬರು ತನ್ನ ಜಗಲಿಯ ಮೇಲೆ ಕೂತಿದ್ದಾರೆ, ತಾನು ಕಂಬದ ಹಾಗೆ ನಿಂತಿದ್ದೇನೆ ಅನ್ನುವುದು ಅವಳಿಂದ ಆಗದ ಮಾತು. "ಎಮ್ಮೆ ಬಿಸ್ಲಲ್ಲದೆ, ಕಟ್ಬುಟ್ ಬತ್ತೀನಿ" ಎಂದು ಸೆರಗು ಬಿಡಿಸಿಕೊಂಡು ಹಿತ್ತಿಲಿಗೆ ಹೋದಳು. ಎಮ್ಮೆ ನೆರಳಿನಲ್ಲೇ ಮಲಗಿತ್ತು.

ಆಮೇಲೆ ಗೋಡೆಯಾಚೆ ಶಿವಣ್ಣನ ಹುಂಜವೊಂದು ಬಾಯಿ ಮಾಡಿ ಸುಮ್ಮನಾಯಿತು. ಪಕ್ಕದ ಮನೆಯ ಅಣ್ಣಮ್ಮನಿಂದ ತುಪ್ಪ ಬಂತು. ಅಂಗಡಿ ಚಿಕ್ಕಸ್ವಾಮಿಯ ಮನೆಯಿಂದ ಸಣ್ಣಕ್ಕಿ ಬಂತು. ರಂಗಸ್ವಾಮಿ ಮೇಷ್ಟ್ರನ್ನು ಹೇಗಾದರೂ ಎಬ್ಬಿಸಬೇಕೆಂದು "ಬಸ್ಸು ಬಂದೇಬುಡ್ತದೆ ಮೇಷ್ಟ್ರೇ, ಸ್ಟಾಪ್ ತಂಕ ನಾನೇ ಬತ್ತೀನಿ" ಎಂದು ಗೋಗರೆದ. ಅಷ್ಟರಲ್ಲಿ ಒಗ್ಗರಣೆಯ ವಾಸನೆ ಜಗಲಿಗೆ ಬಂದಾಗಿತ್ತು. ಮೇಷ್ಟ್ರು ಅಲ್ಲಾಡಲಿಲ್ಲ.

ಎಲೆ ಬಿತ್ತು. ಮುದ್ದೆ, ನಾಟಿ ಕೋಳಿ ಸಾರು, ಆಮೇಲೆ ಅನ್ನ, ಅನ್ನದ ಮೇಲೆ ತುಪ್ಪ. ಎರಡನೇ ಮುದ್ದೆಗೆ ಮೇಷ್ಟ್ರು ಬೇಡ ಬೇಡ ಅಂದದ್ದು ಬಾಯಿ ಮಾತ್ರ.

"ತುಪ್ಪ ಮನೇದೇನವ್ವ?" ಎಂದು ಕೇಳಿದರು.

ಎಲೆಯ ಮುಂದೆ ಕೂತವರಿಗೆ ಇದು ತಂದದ್ದು, ಇದು ಕೈಗಡ ಎಂದು ಯಾವ ಹೆಂಗಸು ಹೇಳುತ್ತಾಳೆ? ಹೇಳಿದರೆ ತುತ್ತು ಗಂಟಲಲ್ಲಿ ನಿಲ್ಲುವುದಿಲ್ಲವೇ? ಮಾಯಮ್ಮ ಹೇಳಿದಳು: "ಎಲ್ಲಾ ನಮ್ದೇ ಕಣಿ. ಸಂಕೋಚ ಪಡ್ಬ್ಯಾಡಿ, ಉಣ್ಣಿ."

"ಕೋಳಿ ಜೋರಾಗಿ ಸಾಕಿದ್ದೀಯ. ಇಂಥವು ಎಷ್ಟವೆ?"

"ಅಯ್ಯೋ, ಅವ್ನೆಲ್ಲಾ ಯಾರು ಎಣಿಸ್ತಾರೆ ಮೇಷ್ಟ್ರೇ."

ಕಂಬದ ಹಿಂದೆ ರಂಗಸ್ವಾಮಿಗೆ ಕೆಮ್ಮು ಬಂತು. ಮೇಷ್ಟ್ರು ಉಂಡರು, ಎಲೆಯಡಿಕೆ ಹಾಕಿಕೊಂಡರು, ಯಶೋಧಳಿಗೆ ಒಳ್ಳೆಯದಾಗಲಿ ಎಂದು ಹರಸಿದರು, ಹೊರಟರು. ಪ್ರಾಮಾಣಿಕ ಮನುಷ್ಯ ನೋಡಿ. ಕಂಡದ್ದನ್ನೇ ಸಂಘಕ್ಕೆ ಹೇಳಿದರು. ಮನೆ ನೋಡಲು ಹಳೆಯದು, ಆದರೆ ಕೋಳಿಗೆ ಲೆಕ್ಕವಿಲ್ಲ, ತುಪ್ಪಕ್ಕೆ ಬರವಿಲ್ಲ, ಅನುಕೂಲಸ್ಥರು, ನೆರವು ಬೇಕಾಗಿಲ್ಲ.

ಸಂಘದಿಂದ ಆ ಸುದ್ದಿ ಬಂದ ದಿನ ರಂಗಸ್ವಾಮಿ ಹೆಂಡತಿಯನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೋದ. ಯಶೋಧ ಕುಡುಗೋಲು ತೆಗೆದುಕೊಂಡು ಹುಲ್ಲಿಗೆ ಹೊರಟಳು. ಬಾಗಿಲಲ್ಲಿ ನಿಂತು, ತಿರುಗದೆಯೇ ಕೇಳಿದಳು.

"ಬಂದೋರ್ಗೆಲ್ಲಾ ಇಕ್ಕಿದೆ ಕಣವ್ವ. ನನ್ ಪಾಲು ಎಲ್ಲವ್ವ?"

ಮಾಯಮ್ಮ ಒಲೆಯ ಮುಂದೆ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಹುಟ್ಟಿದಾಗಿನಿಂದ ಇಕ್ಕುವುದೊಂದನ್ನೇ ಕಲಿತವಳು, ಆ ಇಕ್ಕುವ ಕೈಯಲ್ಲೇ ಮಗಳ ಎಲೆ ಎಳೆದುಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅತ್ತು ಸಾಕಾದ ಮೇಲೆ ಮೂಗು ಒರೆಸಿಕೊಂಡಳು. ಎದ್ದು ಹಿತ್ತಿಲ ಗೋಡೆಯ ಹತ್ತಿರ ಹೋಗಿ ಕೂಗಿದಳು.

"ಶಿವಣ್ಣ, ನಾಳಿಕ್ಕೆ ಪಾಂಡವಪುರಕ್ಕೆ ಬತ್ತೀಯಾ? ನಿನ್ ಹುಂಜದ ವಿಸ್ಯ."

ಮಾರನೆಯ ದಿನ ಸಂಘದ ಕಚೇರಿಯ ಮುಂದೆ ಒಂದು ಸಣ್ಣ ದಿಬ್ಬಣವೇ ಬಂದು ನಿಂತಿತು. ಮುಂದೆ ಮಾಯಮ್ಮ, ಹಿಂದೆ ಶಿವಣ್ಣ, ಅಣ್ಣಮ್ಮ, ಅಂಗಡಿ ಬಾಗಿಲು ಹಾಕಿಕೊಂಡು ಬಂದ ಚಿಕ್ಕಸ್ವಾಮಿ. ಕಟ್ಟಕಡೆಗೆ, ನಾನು ಇವರ ಜೊತೆಯವನಲ್ಲ ಅನ್ನುವ ಹಾಗೆ ರಂಗಸ್ವಾಮಿ. ಒಳಗೆ ಸಂಘದ ಅಧ್ಯಕ್ಷರು, ಪಕ್ಕದಲ್ಲಿ ಕರಿಯಯ್ಯ ಮೇಷ್ಟ್ರು.

"ಸ್ವಾಮಿ, ಮೇಷ್ಟ್ರು ಉಂಡಿದ್ದು ನನ್ ಹುಂಜ" ಎಂದು ಶಿವಣ್ಣ ಶುರು ಮಾಡಿದ. "ಕೆಂಪುಂದು. ಮಾರಮ್ಮನ ಹಬ್ಬಕ್ಕೆ ಬುಟ್ಟಿದ್ದೆ. ಈಗ ಹಬ್ಬಕ್ಕೆ ನಂಗೆ ಹುಂಜ ಇಲ್ಲ."

"ತುಪ್ಪ ನಂದು" ಅಂದಳು ಅಣ್ಣಮ್ಮ. "ಮೊಮ್ಮಗೀಗೆ ಅಂತ ಕಾಯಿಸಿದ್ದು. ಮೇಷ್ಟ್ರು ಮೂರ್ ಕಿತ ಆಕುಸ್ಕಂಡ್ರಂತೆ. ಆಕುಸ್ಕಳ್ಳಿ ಬುಡಿ, ನಾನೇನ್ ಬ್ಯಾಡ ಅನ್ನಕಿಲ್ಲ."

"ಅಕ್ಕಿ ನಮ್ದು" ಅಂದ ಚಿಕ್ಕಸ್ವಾಮಿ. "ಎಲೆ ಯಾರ್ದೋ ತೋಟದ್ದು, ಅವ್ರು ಬಂದಿಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸೂರು ನೋಡುತ್ತಿದ್ದರು.

"ಮತ್ತೆ ನಿಮ್ದೇನಿತ್ತಮ್ಮ ಆ ಊಟದಲ್ಲಿ?" ಎಂದು ಅಧ್ಯಕ್ಷರು ಕೇಳಿದರು.

ಮಾಯಮ್ಮ ಸ್ವಲ್ಪ ಯೋಚಿಸಿದಳು. "ನೀರು ನಮ್ದು ಸ್ವಾಮಿ. ಖಾರ ಅರೆದಿದ್ದು ನಾನು."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಎಲ್ಲಾ ನಮ್ದೇ ಅಂದ್ಯಲ್ಲವ್ವ ನೀನು. ನಾನು ಕೇಳಿ ಕೇಳಿ ಉಂಡೆ."

"ಅಲ್ಲ ಮೇಷ್ಟ್ರೇ, ನಿಮ್ಮನೇಲಿ ನಾನು ಉಣ್ಣಾಕೆ ಕುಂತಿರ್ವಾಗ, ಇದು ಪಕ್ಕದ್ಮನೆ ಕೋಳಿ ಅಂತ ನಿಮ್ಮನೆಯವ್ರು ಹೇಳ್ತಾರಾ?"

ಮೇಷ್ಟ್ರೂ ಆ ಸೀಮೆಯವರೇ ತಾನೆ. ಅವರ ಮನೆಯಲ್ಲೂ ಹಿತ್ತಿಲಿತ್ತು, ಹಿತ್ತಿಲಿಗೆ ಗೋಡೆಯಿತ್ತು.

ಆಗ ಇಷ್ಟು ಹೊತ್ತೂ ಬಾಗಿಲ ಹೊರಗಿದ್ದ ರಂಗಸ್ವಾಮಿ ಒಳಗೆ ಬಂದು ಕೈ ಮುಗಿದ. "ನನ್ ಹೆಂಡ್ರು ಮಾಡಿದ್ದು ತಪ್ಪು ಅಂತ ನಾನು ಹೇಳಾಕಿಲ್ಲ ಸ್ವಾಮಿ. ಹಸ್ಕಂಡಿದ್ದೀನಿ ಅಂದ್ರು, ಇಕ್ಕಿದ್ಲು. ಇಕ್ಕಿದ್ದುಕ್ಕೆ ನಮ್ ಮಗೀಗೆ ಓದು ತಪ್ಪುಸ್ಬ್ಯಾಡಿ."

ಆ ಮಾತಿಗೆ ಮಾಯಮ್ಮ ಗಂಡನನ್ನು ತಿರುಗಿ ನೋಡಿದಳು. ಮದುವೆಯಾದಾಗಿನಿಂದ ಅವನು ತನ್ನ ಪರವಾಗಿ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು.

ಮೇಷ್ಟ್ರು ಹೇಳಿದ್ದನ್ನು ತಾವೇ ವಾಪಸು ತೆಗೆದುಕೊಂಡರು. ಆ ತಿಂಗಳೇ ಯಶೋಧ ಟ್ರಂಕು ಹಿಡಿದು ಬೆಂಗಳೂರಿಗೆ ಹೋದಳು. ಸಂಘದಲ್ಲಿ ಒಂದು ಹೊಸ ಕಟ್ಟಳೆ ಬಂತು: ಮನೆ ನೋಡಲು ಹೋದವರು ಆ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕಿಕೊಳ್ಳಕೂಡದು.

ನೆರವು ಮುಂದುವರಿಯಬೇಕಾದರೆ ವರ್ಷಕ್ಕೊಮ್ಮೆ ಮತ್ತೆ ಮನೆ ನೋಡಬೇಕು. ಮರುವರ್ಷ ಕರಿಯಯ್ಯ ಮೇಷ್ಟ್ರೇ ಬಂದರು, ಸ್ವಂತ ನೀರಿನ ಬಾಟಲಿ ಹಿಡಿದುಕೊಂಡು. ಕಾಲೇಜಿಗೆ ರಜೆ, ಯಶೋಧಳೂ ಮನೆಯಲ್ಲಿದ್ದಳು. ಸವುಳು ಮೂಲೆಯಿಂದ ನೀರು ಬಸಿದು ಹೋಗಲೆಂದು ಅಪ್ಪನ ಕೈಯಲ್ಲಿ ಕಾಲುವೆ ತೋಡಿಸಿ, ಆಗತಾನೆ ಕಾಲು ತೊಳೆದು ಬಂದಿದ್ದಳು. ಮೇಷ್ಟ್ರು ಜಗಲಿಯ ಮೇಲೆ ಕೂರಲೂ ಇಲ್ಲ. ನಿಂತೇ ಹೆಂಚು ನೋಡಿದರು, ಮಡಕೆ ತಟ್ಟಿದರು, ಎಮ್ಮೆಯ ಕ್ಷೇಮ ವಿಚಾರಿಸಿದರು, ಬರೆದುಕೊಂಡರು. ಒಳಗಿನಿಂದ ಹೋದವರ್ಷದ್ದೇ ವಾಸನೆ ಬರುತ್ತಿತ್ತು. ಮೇಷ್ಟ್ರು ಮೂಗನ್ನು ಆಚೆ ತಿರುಗಿಸಿಕೊಂಡರು.

"ಬರ್ಕಂಡಾಯ್ತಾ ಮೇಷ್ಟ್ರೇ?" ಎಂದು ಮಾಯಮ್ಮ ಕೇಳಿದಳು.

"ಆಯ್ತವ್ವ. ಎಲ್ಲಾ ಹೋದವರ್ಷದ ಹಂಗೇ ಅದೆ ಅಂತ ಬರ್ದಿದ್ದೀನಿ."

"ಹಂಗಾರೆ ಪೆನ್ನು ಜೇಬಿಗೆ ಮಡಗಿ. ಮನೆ ನೋಡಾಕೆ ಬಂದೋರು ಹೊಂಟೋದ್ರು. ಈಗ ಬಂದಿರೋರು ನೆಂಟ್ರು. ಕೈ ತೊಳ್ಕಳಿ."

ಮೇಷ್ಟ್ರು ಬಸ್ಸಿನ ದಾರಿ ನೋಡಿದರು, ಒಳಗೆ ನೋಡಿದರು. ಕಟ್ಟಳೆಯಲ್ಲಿ ನೆಂಟರ ಬಗ್ಗೆ ಏನೂ ಇರಲಿಲ್ಲ. ಕೈ ತೊಳೆದುಕೊಂಡು ಬಂದರು. ಸಾಲಾಗಿ ಎಲೆ ಹಾಸಿತ್ತು. ಮಾಯಮ್ಮ ಈ ಸಲ ಮೊದಲು ಬಡಿಸಿದ್ದು ಮೇಷ್ಟ್ರಿಗಲ್ಲ, ಯಶೋಧಳಿಗೆ. ಬಡಿಸಿ, "ನಿನ್ ಪಾಲು ಕಣವ್ವ" ಅಂದಳು. ಯಶೋಧ ತಲೆ ಎತ್ತಲಿಲ್ಲ. ಅವ್ವನ ಕೈಯನ್ನು ಎಲೆಯ ಮೇಲೆಯೇ ಒಂದು ಗಳಿಗೆ ಹಿಡಿದುಕೊಂಡು ಬಿಟ್ಟಳು.

ಮೇಷ್ಟ್ರು ಮುದ್ದೆ ಮುರಿಯುವ ಮುನ್ನ ಕೇಳಿದರು. "ಕೋಳಿ ಯಾರ್ದವ್ವ?"

"ನಮ್ದೇ ಕಣಿ. ಸಂಕೋಚ ಪಡ್ಬ್ಯಾಡಿ, ಉಣ್ಣಿ."

ಮೇಷ್ಟ್ರು ಹೂಂ ಎಂದು ತಲೆಯಾಡಿಸಿ, ಹಿತ್ತಿಲ ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು. "ಶಿವಣ್ಣ, ನೀನೂ ಉಣ್ಣಾಕೆ ಬಾರಪ್ಪ."

ಗೋಡೆಯಾಚೆಯಿಂದ ಉತ್ತರ ಬಂತು. "ಬಂದೆ ಮೇಷ್ಟ್ರೇ, ಕೈ ತೊಳ್ಕತಾ ಇವ್ನಿ."