ದೊಡ್ಡಮ್ಮನ ಸ್ವಂತ ಅಚ್ಚು

ದೊಡ್ಡಮ್ಮನ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿನ ದೊಡ್ಡ ಉದ್ಯಾನಕ್ಕೆ ಹೋಗಿದ್ದೆ. ಗೇಟಿನ ಕಾವಲುಗಾರನ ಹತ್ತಿರ ಜಗಳವನ್ನೇ ತೆಗೆದೆ: "ನಮ್ಮ ಕಾರ್ಖಾನೆ ಪರದೆ ನೋಡಿ ಇಡೀ ತೋಟ ಕಾಪಿ ಹೊಡೆದಿದ್ದೀರಲ್ಲ, ಕೇಳೋರು ಯಾರೂ ಇಲ್ವಾ?" ಬೇರೆ ಊರಿನಲ್ಲಿ, ದೊಡ್ಡಮ್ಮ ಕಳಿಸಿದ ಪರದೆಗಳ ನಡುವೆ ಬೆಳೆದವನು ನಾನು. ತೋಟವನ್ನು ಕಂಡದ್ದು ಅವತ್ತೇ ಮೊದಲು. ಕಾವಲುಗಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಿಸಿಲು ಜಾಸ್ತಿ. ನೀರು ಕುಡೀತೀಯೇನಪ್ಪಾ?" ಎಂದ.

ಇದನ್ನು ಕೇಳಿ ಕಾರ್ಖಾನೆಯಲ್ಲಿ ನಗದೇ ಇದ್ದವಳು ದೊಡ್ಡಮ್ಮ ಒಬ್ಬಳೇ. ಬಿಲ್ಲು ಬರೆಯುವ ಕೆಲಸಕ್ಕೆ ನನ್ನ ಹೆಸರು ಹೇಳಿದ್ದು ಅವಳೇ ಅಲ್ಲವೇ, ನಗುವುದು ಹೇಗೆ?

ಬಟ್ಟೆಗೆ ಬಣ್ಣ ಒತ್ತುವ ಮರದ ಅಚ್ಚುಗಳನ್ನು ಕೊರೆಯುವುದು ಅವಳ ಕಸುಬು. ಅಪ್ಪನ ಪಕ್ಕ ಕೂತು ಉಳಿ ಹಿಡಿದವಳು, ಗಂಡ ತೀರಿಕೊಂಡ ಮೇಲೆ ಮತ್ತೆ ಅದೇ ಮಣೆಗೆ ಬಂದು ಕೂತಳು.

ಆ ಉದ್ಯಾನ ಮಾಡಿದ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು. ಅವರು ಹೂಗಿಡಗಳನ್ನು ಶಾಲೆಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಲಿಲ್ಲ. ದಾರಿಯನ್ನು ಬಳುಕಿಸಿ, ತಿರುವಿನಲ್ಲಿ ಮರೆಮಾಡಿ, ಬಳ್ಳಿ ಅಂಚು ದಾಟಿ ಚೆಲ್ಲುವುದಕ್ಕೆ ಬಿಟ್ಟರು. ಅದು ಇಡೀ ಊರಿಗೇ ಅಂಟಿಕೊಂಡಿತು. ಕಿಟಕಿಯ ಸರಳು, ತಟ್ಟೆಯ ಅಂಚು, ಮಂಚದ ತಲೆಹಲಗೆ, ಕ್ಷೌರದಂಗಡಿಯ ಕನ್ನಡಿ, ಎಲ್ಲಿ ನೋಡಿದರೂ ಅದೇ ತಿರುವು, ಅದೇ ಬಳ್ಳಿ. ದೊಡ್ಡಮ್ಮ ಬದುಕಿಡೀ ಕೊರೆದದ್ದೂ ಅದನ್ನೇ.

ಹೊಸ ಅಚ್ಚಿನ ಮೊದಲ ಗುರುತು ಕೊರೆದವರ ಟವೆಲಿನ ಮೇಲೆ ಬೀಳಬೇಕೆಂಬುದು ನಮ್ಮಲ್ಲಿನ ರೂಢಿ. ಹಾಗಾಗಿ ಅವಳ ಟವೆಲುಗಳೆಲ್ಲ ತೋಟವೋ ತೋಟ. ಒಂದು ಮಾತ್ರ ಬೇರೆ. ಅದರಲ್ಲಿದ್ದದ್ದು ಕಾರ್ಖಾನೆಯ ಹಿತ್ತಲಿನ ಕಲ್ಲುಹಾಸು, ಅದರ ಬಿರುಕು, ಬಿರುಕಿನಲ್ಲಿ ಎದ್ದ ಕಳೆ. ಯಾರೂ ಹೇಳದೆ, ಯಾರನ್ನೂ ಕೇಳದೆ ಕೊರೆದದ್ದು. "ಕಳೆ ಯಾರಮ್ಮ ಕೊಂಡ್ಕೋತಾರೆ?" ಎಂದು ಕಾರ್ಖಾನೆಯ ಸಾಹುಕಾರರು ಅಚ್ಚನ್ನು ವಾಪಸ್ಸು ಕೊಟ್ಟಿದ್ದರಂತೆ. ಆ ಟವೆಲಿಗೆ ಅವಳು ಒಮ್ಮೆಯೂ ಕೈ ಒರೆಸಲಿಲ್ಲ.

ಈ ವರ್ಷ ಉದ್ಯಾನದ ಸಭಾಂಗಣದಲ್ಲಿ, ಆ ಮಹನೀಯರ ಪ್ರಭಾವ ಮನೆಬಳಕೆಯ ವಸ್ತುಗಳ ಮೇಲೆ ಹೇಗಾಗಿದೆಯೆಂದು ತೋರಿಸುವ ಪ್ರದರ್ಶನ ಏರ್ಪಾಡಾಯಿತು. ಬಟ್ಟೆ ಆರಿಸಲು ಬಂದ ಮೇಡಂ ಹತ್ತಿರ, ಯಾರಲ್ಲೂ ಏನನ್ನೂ ಕೇಳದ ದೊಡ್ಡಮ್ಮ ಬಾಯಿಬಿಟ್ಟು ಕೇಳಿದಳು.

"ಅವರದ್ದು ಎಷ್ಟು ಬೇಕೋ ತಗೊಂಡು ಹೋಗಿ. ಕೊನೇಲಿ ನಂದೂ ಒಂದು, ಈ ಕಳೆ ಟವೆಲು ಹಾಕಿ. ಅವರಿಂದ ಏನೂ ತಗೊಳ್ದೆ ಮಾಡಿದ್ದು ಅಂತ ಬೋರ್ಡು ಬರೀರಿ."

ಮೇಡಂ ಒಪ್ಪಿದರು. ಅವತ್ತು ದೊಡ್ಡಮ್ಮ ನನ್ನ ಹತ್ತಿರ ಅಂದಳು: "ನಾನು ಹೋದ್ಮೇಲೆ ಯಾರಾದ್ರೂ ಕೇಳಿದ್ರೆ ಅದೊಂದನ್ನ ತೋರ್ಸು ಕಣೋ. ಮಿಕ್ಕಿದ್ದೆಲ್ಲ ಹೊಟ್ಟೆಪಾಡು."

ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ತನ್ನ ಕಳೆಗಿಡದ ಪಕ್ಕ ನಿಂತಳು. ಉದ್ಯಾನದ ಹಳೆಯ ಮಾಲಿಯೊಬ್ಬ ಬಂದ. ಬೋರ್ಡು ಓದಲು ಅವನಿಗೆ ಕಣ್ಣು ಸಾಲದು. ಟವೆಲನ್ನೇ ಬಹಳ ಹೊತ್ತು ನೋಡಿ ಕೈಮುಗಿದ.

"ಎಲ್ಲಾದಕ್ಕಿಂತ ಇದೇ ಸರಿಯಾಗಿ ಬಂದಿದೆ ತಾಯಿ. ನಮ್ಮ ಯಜಮಾನರು ಬಳ್ಳಿ ಬಿಡ್ತಿದ್ದಿದ್ದು ಥೇಟ್ ಹೀಗೇ."

ದೊಡ್ಡಮ್ಮ ತಿರುಗಿ ನೋಡಿದಳು. ನಾನೂ ನೋಡಿದೆ. ಬಿರುಕು ಬಳುಕಿಕೊಂಡು ಹೋಗಿ ಕಲ್ಲಿನ ತಿರುವಿನಲ್ಲಿ ಮರೆಯಾಗಿತ್ತು. ಕಳೆ ಅಂಚು ದಾಟಿ ಚೆಲ್ಲಿತ್ತು.

ಜನ ಕರಗಿದರು. ಸುಮ್ಮನಿರಬಹುದಿತ್ತು ನಾನು, ಆದರೆ ನನ್ನ ಬಾಯಿಗೆ ಅಗುಳಿ ಎಲ್ಲಿದೆ?

"ಹಾಗಾದ್ರೆ ದೊಡ್ಡಮ್ಮ, ನಿಂದು ಅಂತ ಒಂದೂ ಇಲ್ವಾ?"

"ಇಲ್ಲ," ಎಂದಳು. "ಹೋಗಿ ಆ ಬೋರ್ಡು ತೆಗೆಸು."