ಒಂದೇ ಕಂಪ್ಯೂಟರಿಗೆ ಮೂರು ಸಲ ಫ್ಯಾನು ಕೂಡಿಸಿದ್ದು

ಪ್ರೊಸೆಸರಿನ ಮೇಲೆ ಫ್ಯಾನು ಕೂಡಿಸುವುದು ನನಗೆ ಹತ್ತು ನಿಮಿಷದ ಕೆಲಸ. ಕಾವು ದಾಟಿಸುವ ಹಳೆಯ ಪೇಸ್ಟನ್ನು ಸ್ಪಿರಿಟ್ ಹಚ್ಚಿದ ಅರಿವೆಯಿಂದ ಒರೆಸಿ ತೆಗೆಯಬೇಕು, ಪ್ರೊಸೆಸರಿನ ಬೆನ್ನಿನಲ್ಲಿ ನಮ್ಮ ಮುಖ ಕಾಣುವವರೆಗೆ. ಹೊಸ ಪೇಸ್ಟು ಒಂದು ಜೋಳದ ಕಾಳಿನಷ್ಟು ಸಾಕು, ಒತ್ತಿದಾಗ ತಾನೇ ಹರಡಿಕೊಳ್ಳುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್‌ಸಿಂಕು ಕೂಡಬೇಕು. ಪ್ರೊಸೆಸರಿನ ಕಾವನ್ನು ಹೀರಿಕೊಳ್ಳುವುದು ಅದು. ಆ ಕಾವನ್ನು ಊದಿ ಕಳಿಸುವುದು ಅದರ ನೆತ್ತಿಯ ಮೇಲಿನ ಅಂಗೈಯಗಲದ ಫ್ಯಾನು. ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಗೂಟ. ಒಂದನ್ನು ಒತ್ತಿದ ಮೇಲೆ ಅದರ ಎದುರು ಮೂಲೆಯದನ್ನು ಒತ್ತಬೇಕು, ಪಕ್ಕದ್ದನ್ನಲ್ಲ. ನಾಲ್ಕೂ ಟಕ್ ಎನ್ನಬೇಕು. ಮೂರು ಟಕ್ ಎಂದು ಒಂದು ಸುಮ್ಮನಿದ್ದರೆ ಹೀಟ್‌ಸಿಂಕು ಒಂದು ಕಡೆ ವಾಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಸಿಂಧನೂರಿನಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತ ಕೈ ಪಳಗಿಸಿಕೊಂಡೆ. ಗುಜರಿಗೆ ಬಂದ ಕಂಪ್ಯೂಟರುಗಳನ್ನು ಬಿಚ್ಚಿ ಬಿಚ್ಚಿ ಕಲಿತೆ. ಈಗ ಮಸ್ಕಿಯಲ್ಲಿ ನನ್ನದೇ ಅಂಗಡಿಯಿದೆ. ಓದಿದವರು ಕೈಬಿಟ್ಟ ಮಷೀನುಗಳೂ ನನ್ನ ಮೇಜಿಗೆ ಬರುತ್ತವೆ, ಬಂದವು ನಡೆದುಕೊಂಡೇ ಹೋಗುತ್ತವೆ. ಇದನ್ನು ಜಂಬ ಎನ್ನುವವರು ಎನ್ನಲಿ. ದುಡಿದು ಗಳಿಸಿದ ಜಂಬ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಲಿಂಗಸುಗೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಅಲ್ಲಿ ಒಂದು ಕೋಣೆಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತಾಳೆ. ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಇಂಥ ಕೆಲಸ. ನವೆಂಬರ್ ಅವಳಿಗೆ ಪಿಂಚಣಿದಾರರ ತಿಂಗಳು. ವರ್ಷಕ್ಕೊಮ್ಮೆ ಅವರು ಬೆರಳಚ್ಚಿನ ಮಷೀನಿನ ಮೇಲೆ ಬೆರಳು ಒತ್ತಿ, ತಾವು ಇನ್ನೂ ಬದುಕಿದ್ದೇವೆಂದು ತೋರಿಸಬೇಕು. ತಿಂಗಳು ಮುಗಿಯುವುದರೊಳಗೆ ಆ ಲೈಫ್ ಸರ್ಟಿಫಿಕೇಟ್ ಹೋಗದಿದ್ದರೆ ಪಿಂಚಣಿ ನಿಲ್ಲುತ್ತದೆ.

"ಅಣ್ಣಾರ, ಕಂಪ್ಯೂಟರ್ ಹತ್ತು ಹದಿನೈದು ನಿಮಿಷಕ್ಕ ಬಂದ್ ಆಗಾಕತ್ತೈತ್ರಿ. ಹಿರೇರು ಬಂದು ಬಂದು ವಾಪಸ್ ಹೋಗಾಕತ್ತಾರ."

"ಫಿಕರ್ ಮಾಡಬ್ಯಾಡ ತಂಗಿ. ಬಂದೆ."

ಹೋಗಿ ನೋಡಿದರೆ ಪಕ್ಕದ್ದೇ ತೊಗರಿ, ಭತ್ತ ಕೊಳ್ಳುವ ಅಂಗಡಿ. ಹೊಟ್ಟಿನ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಸಿಪಿಯು ಡಬ್ಬಿಯನ್ನು ಮೇಜಿನ ಮೇಲೆ ತಂದಿಟ್ಟು, ಬ್ಲೋವರಿನಿಂದ ಊದಿ, ಹೊಸ ಪೇಸ್ಟು ಹಚ್ಚಿ, ಅದೇ ಫ್ಯಾನನ್ನು ತಿರುಗಿ ಕೂಡಿಸಿದೆ. ಒಂದು ತಾಸು ನಡೆಸಿ ತೋರಿಸಿದೆ. ಆಮೇಲೆ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಮಸ್ಕಿಗೆ ಬಂದೆ.

ಅದರ ಜಾಗವೆಂದರೆ ಮೇಜಿನ ಕೆಳಗಿನ ಪ್ಲೈವುಡ್ ಗೂಡು. ಇಲಿಗಳು ಎರಡು ಸಲ ವೈರು ಕಡಿದಿದ್ದರಿಂದ ಅವಳು ಬಡಿಗನನ್ನು ಕರೆಸಿ, ಸಂದಿಲ್ಲದಂತೆ ಬಾಗಿಲು ಕೂಡಿಸಿ ಚಿಲಕ ಹಾಕಿಸಿದ್ದಳು. ಅಚ್ಚುಕಟ್ಟಾದ ಕೆಲಸ. ನಾನೂ ಮೆಚ್ಚಿದ್ದೆ.

ನಾನು ಮನೆ ಮುಟ್ಟುವಷ್ಟರಲ್ಲಿ ಅವಳ ಫೋನು. ಮತ್ತೆ ಬಂದ್.

ಫ್ಯಾನೇ ಸೋತಿದೆ ಎಂದುಕೊಂಡು ಮರುದಿನ ಸಿಂಧನೂರಿಗೆ ಹೋಗಿ ಹೊಸದನ್ನು ತಂದೆ. ಅಲ್ಲಿಂದ ಸೀದಾ ಲಿಂಗಸುಗೂರು. ಕೂಡಿಸಿದೆ, ತಾಸು ನಡೆಸಿದೆ, ಚೆನ್ನಾಗಿಯೇ ನಡೆಯಿತು. ಸಂಜೆ ಮತ್ತೆ ಫೋನು. ಈ ಸಲ ಅವಳ ದನಿ ಸಣ್ಣಗಾಗಿತ್ತು.

ಮೂರನೆಯ ಸಲ ಹೋದಾಗ ತಿಂಗಳು ಮುಗಿಯಲು ಎರಡೇ ದಿನ ಉಳಿದಿದ್ದವು. ಗೋಡೆಯುದ್ದಕ್ಕೂ ಐದು ಮಂದಿ ಹಿರಿಯರು ಕೂತಿದ್ದರು. ಒಬ್ಬರು ನನ್ನನ್ನು ನೋಡಿ, "ಮಸ್ಕಿ ಇಂಜಿನಿಯರ್ ಸಾಹೇಬ್ರು ಬಂದ್ರು, ಸರೀರಪಾ, ಜಾಗ ಬಿಡ್ರಿ" ಎಂದರು. ಉಳಿದವರು ನಕ್ಕರು. ನಾನು ನಗಲಿಲ್ಲ.

ಮೂಲೆಯಲ್ಲಿ ಕೂತಿದ್ದ ಒಬ್ಬರನ್ನು ಮೂರೂ ದಿನ ನೋಡಿದ್ದೆ. ತೆಳ್ಳಗಿನ ಎತ್ತರದ ಆಳು, ಹೆಗಲ ಮೇಲೆ ಟವೆಲ್. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಕಬ್ಬಿಣ, ಕಲ್ಲು ಹಿಡಿದು ಅವರ ಬೆರಳುಗಳ ಗೆರೆ ಸವೆದುಹೋಗಿತ್ತು. ಹತ್ತು ಸಲ ಒತ್ತಿದರೂ ಬೆರಳಚ್ಚಿನ ಮಷೀನು ಗುರುತಿಸುತ್ತಿರಲಿಲ್ಲ. ಬೇರೆಯವರದು ಮೂರು ನಿಮಿಷದಲ್ಲಿ ಮುಗಿದರೆ ಇವರಿಗೆ ಅರ್ಧ ತಾಸು ಬೇಕು, ಅರ್ಧ ತಾಸು ಈ ಕಂಪ್ಯೂಟರ್ ನಡೆಯುತ್ತಿರಲಿಲ್ಲ.

"ಬ್ಯಾರೆ ಕಡೆ ಯಾಕ ಹೋಗಲಿಲ್ರಿ ಕಾಕಾ?" ಎಂದು ಕೇಳಿದೆ.

"ಹೋಗಿದ್ದೆ. ನಾಕು ಸಲ ಒತ್ತಿಸಿ, ಆಗಂಗಿಲ್ಲ ಏಳು ಅಂದ್ರು. ಈ ಯವ್ವ ಒಬ್ಬಾಕಿ ಬ್ಯಾಸರಿಲ್ಲದ ಕುಂದರತಾಳ. ಮನ್ಯಾಗ ಮುದುಕಿಗೆ ದಿನಾ ಗುಳಿಗಿ ಬೇಕು, ಎಲ್ಲಾ ಆ ಪಿಂಚಣಿ ಮ್ಯಾಲೇ ನಡೀತೈತಿ." ಆಮೇಲೆ ಮೆಲ್ಲಗೆ ನಕ್ಕು, "ನಾ ಬದುಕೀನಿ ಅಂತ ಹೇಳಾಕ ಬಂದ್ರ, ಬರಕೊಳ್ಳೋ ಮಷೀನೇ ಸಾಯಾಕತ್ತೈತಲ್ಲೋ ತಮ್ಮಾ" ಎಂದರು.

ನಾನು ಡಬ್ಬಿ ಬಿಚ್ಚಿದೆ. ನಾಲ್ಕು ಗೂಟಗಳನ್ನೂ ಕಿತ್ತು, ಪೇಸ್ಟು ಒರೆಸಿ, ಮೊದಲಿನಿಂದ ಕೂಡಿಸಿದೆ. ನಾಲ್ಕು ಟಕ್. ಬೆರಳಿಟ್ಟು ಅಲುಗಿಸಿ ನೋಡಿದೆ, ಕಲ್ಲಿನಂತೆ ಕೂತಿತ್ತು. ಮೇಜಿನ ಮೇಲೆಯೇ ಚಾಲೂ ಮಾಡಿದೆ. ಒಂದು ಕೊರತೆಯೂ ಕಾಣಲಿಲ್ಲ. ಅದನ್ನೆತ್ತಿ ಗೂಡಿನಲ್ಲಿಡಲು ಬಗ್ಗಿದಾಗ ಕಾಕಾ ಮಾತಾಡಿದರು.

"ತಮ್ಮಾ, ಒಂದು ಮಾತು ಹೇಳಲೇನು? ಸಿಟ್ಟಾಗಬ್ಯಾಡ."

"ಹೇಳ್ರಿ."

"ನೀ ಮೂರು ಸಲ ಬಂದಿ. ಮೂರೂ ಸಲ ಟೇಬಲ್ ಮ್ಯಾಲೆ ಚಲೋ ನಡೀತು. ನೀ ಗಾಡಿ ಹತ್ತಿ ಹೋಗ್ತಿ, ಅದು ಗೂಡಿನ್ಯಾಗ ಸಾಯ್ತೈತಿ. ಫ್ಯಾನಿಂದಲ್ಲ ತಪ್ಪು, ಗೂಡಿಂದು."

"ಫ್ಯಾನು ಹೊಚ್ಚ ಹೊಸದೈತಿ ಕಾಕಾ" ಎಂದೆ. ದನಿ ಬಿರುಸಾಗಿತ್ತು. ಅಷ್ಟು ಮಂದಿಯ ಎದುರಿಗೆ ನನ್ನ ಕೆಲಸ ನನಗೇ ಹೇಳಿಕೊಡುವುದೆಂದರೇನು ಎಂದು ಒಳಗೆ ಕುದಿಯುತ್ತಿದ್ದೆ.

"ಹೊಸದಿರಲಿ. ನಾ ಗಣ್ಯಾಗ ಹವಾದ ಕೆಲಸಾನೇ ಮಾಡಿದಾಂವ. ಕೆಳಗ ಮನಿಯಷ್ಟು ದೊಡ್ಡ ಫ್ಯಾನ್ ಹಚ್ಚಿದ್ರೂ ಅಷ್ಟೇ. ಕೆಟ್ಟ ಹವಾ ಹೊರಗ ಹೋಗಾಕ ಹಾದಿ ಇಲ್ಲಂದ್ರ, ಫ್ಯಾನು ಅದೇ ಹವಾನ ತಿರುಗಿಸಿ ತಿರುಗಿಸಿ ಕೊಡ್ತೈತಿ. ಆಳು ಕೈಕಾಲು ಸೋತು ಅಲ್ಲೇ ಕುಂದರತಾನ."

ವಾದ ಮಾಡದೆ ಅವರು ಟವೆಲಿನ ಅಂಚಿನಿಂದ ಒಂದು ದಾರ ಎಳೆದರು. ಡಬ್ಬಿಯನ್ನು ಗೂಡಿನಲ್ಲಿಟ್ಟು, ಚಾಲೂ ಮಾಡಿ, ಬಾಗಿಲು ಮುಚ್ಚಲು ಹೇಳಿದರು. ಹತ್ತು ನಿಮಿಷ ಕಾದೆವು. ಬಾಗಿಲು ತೆಗೆದಾಗ ಹಂಚಿನೊಲೆಯ ಮುಂದೆ ಕೂತಂತೆ ಝಳ ಮುಖಕ್ಕೆ ಬಡಿಯಿತು. ಕಾಕಾ ನೆಲಕ್ಕೆ ಕೂತು, ದಾರವನ್ನು ಎರಡು ಬೆರಳಲ್ಲಿ ಇಳಿಬಿಟ್ಟು, ಡಬ್ಬಿಯ ಹಿಂದೆ ಹಿಡಿದರು. ಅದು ಹಿಂದಕ್ಕೆ ಹಾರಿತು. ಪಕ್ಕದ ಸಂದಿಗೆ ತಂದರು. ದಾರ ಮುಂದಕ್ಕೆ ಬಾಗಿತು. ಹಿಂದಿನಿಂದ ಬಂದ ಬಿಸಿ ಗಾಳಿ ಹಲಗೆಗೆ ಬಡಿದು, ಸುತ್ತಿ ಬಂದು, ಮುಂದಿನ ತೂತಿನಿಂದ ಮತ್ತೆ ಒಳಗೇ ಹೋಗುತ್ತಿತ್ತು.

"ಕಂಡೇನು?" ಎಂದರು, ಅಷ್ಟೇ.

ಕಂಡಿತ್ತು. ಬೇಸಿಗೆಯಲ್ಲಿ ಕೂಲರ್ ರಿಪೇರಿಗೆ ಹೋದಾಗಲೆಲ್ಲ ಮಂದಿಗೆ ನಾನೇ ಬೈಯುತ್ತಿದ್ದೆ: ಕಿಟಕಿ ಮುಚ್ಚಿ ಕೂಲರ್ ಹಚ್ಚಿದರೆ ತಂಪು ಎಲ್ಲಿಂದ ಬರಬೇಕು, ಹಳೆ ಗಾಳಿ ಹೊರಗೆ ಹೋಗಬೇಡವೇ ಎಂದು. ಆ ಬುದ್ಧಿ ಈ ಗೂಡಿನ ಮುಂದೆ ಎಲ್ಲಿ ಹೋಗಿತ್ತೋ. ನನ್ನ ಕಣ್ಣೆಲ್ಲ ಆ ನಾಲ್ಕು ಗೂಟಗಳ ಮೇಲೆಯೇ ಇತ್ತು. ಕಂಪ್ಯೂಟರಿನ ಒಳಗನ್ನು ಕಾಕಾ ಮೊದಲ ಸಲ ನೋಡಿದ್ದೇ ನಾನು ಬಿಚ್ಚಿದಾಗ. ಆದರೆ ಮೂರು ದಿನ ಸುಮ್ಮನೆ ಕೂತು, ಮಷೀನು ಎಲ್ಲಿದ್ದಾಗ ಬದುಕುತ್ತದೆ, ಎಲ್ಲಿದ್ದಾಗ ಸಾಯುತ್ತದೆ ಎಂಬುದನ್ನು ಗಮನಿಸಿದ್ದರು.

"ತಪ್ಪಾತ್ರಿ ಕಾಕಾ" ಎಂದೆ. ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವಂಥದ್ದಲ್ಲ.

"ತಪ್ಪು ಹೋಗಲಿ, ಡ್ರಿಲ್ ಮಷೀನ್ ತಂದೀಯೇನು?"

ತಂದಿದ್ದೆ. ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆವು. ಡಬ್ಬಿಯನ್ನು ಹೊರಗಿಟ್ಟು, ಎಲ್ಲಿ ಕೊರೆಯಬೇಕೆಂದು ಕಾಕಾರನ್ನೇ ಕೇಳಿದೆ. ಬಾಗಿಲಿಗೆ ಕೆಳಗೆ, ಹಿಂದಿನ ಹಲಗೆಗೆ ಮೇಲೆ ಎಂದರು. ಬಿಸಿ ಗಾಳಿ ಮೇಲೇ ಏರುತ್ತದೆ. ಒಳಗೆ ಬರುವ ತೂತಿಗಿಂತ ಹೊರಗೆ ಹೋಗುವ ತೂತು ಒಂದು ಬೆರಳಾದರೂ ದೊಡ್ಡದಿರಲಿ ಎಂದರು. ಸೆಂಟರಿನ ಹೆಣ್ಣುಮಗಳು ಅಂಗಡಿಯಿಂದ ಸಣ್ಣ ಕಣ್ಣಿನ ತಂತಿ ಜಾಲರಿ ತಂದಳು, ಇಲಿಗಳಿಗೆಂದು. ತೂತು ಕೊರೆದು ಅದನ್ನು ಎರಡೂ ಕಡೆ ಹೊಡೆದೆ. ಇಂಜಿನಿಯರ್ ಸಾಹೇಬ್ರು ಎಂದವರೇ ಹಲಗೆ ಹಿಡಿದುಕೊಂಡರು.

ಡಬ್ಬಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಅವಳು ಮೊದಲು ಕಾಕಾರನ್ನೇ ಕರೆದಳು.

ಆ ಹೆಣ್ಣುಮಗಳ ಕೆಲಸ ನೋಡುವಂಥದ್ದು. ಒದ್ದೆ ಅರಿವೆಯಿಂದ ಅವರ ಒಂದೊಂದೇ ಬೆರಳು ಒರೆಸಿದಳು. ಬೆರಳಚ್ಚಿನ ಮಷೀನಿನ ಗಾಜನ್ನೂ ಒರೆಸಿದಳು. ಬಲಗೈ ಹೆಬ್ಬೆರಳು ಆಗಲಿಲ್ಲ. ತೋರುಬೆರಳು ಆಗಲಿಲ್ಲ. "ಇನ್ನಾ ಸ್ವಲ್ಪ ಮೆತ್ತಗ ಒತ್ರಿ ಅಜ್ಜಾರ. ಕಲ್ಲು ಒತ್ತಿದಂಗ ಒತ್ತಬ್ಯಾಡ್ರಿ" ಎನ್ನುತ್ತಿದ್ದಳು. ಹತ್ತು ನಿಮಿಷವಾಯಿತು. ಹದಿನೈದಾಯಿತು. ನಾನು ನೆಲದ ಮೇಲೆ ಕೂತು ಹಿಂದಿನ ತೂತಿಗೆ ಅಂಗೈ ಹಿಡಿದಿದ್ದೆ. ಬಿಸಿ ಗಾಳಿ ಬರುತ್ತಲೇ ಇತ್ತು, ಹೊರಗೆ. ಇಪ್ಪತ್ತು ನಿಮಿಷಕ್ಕೆ ಎಡಗೈ ಶುರುವಾಯಿತು. ಎಡಗೈಯ ಉಂಗುರದ ಬೆರಳಿಗೆ ಬಂದಾಗ ಅವಳು ಪರದೆಯತ್ತ ಬಗ್ಗಿದಳು.

"ತಗೊಂತು ಅಜ್ಜಾರ" ಎಂದಳು.

ಪ್ರಿಂಟರಿನಿಂದ ಕಾಗದ ಬಂತು. ಕಾಕಾ ಅದನ್ನು ದೂರ ಹಿಡಿದು, ತಮ್ಮ ಹೆಸರಿನ ಕೆಳಗೆ ಬೆರಳಾಡಿಸುತ್ತ ಎರಡು ಸಲ ಓದಿದರು. ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡರು.

ನಾನು ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಿದ್ದೆ.

"ಎಲ್ಲಿ ಹೊಂಟಿ?" ಎಂದರು ಕಾಕಾ. "ಇನ್ನಾ ನಾಕು ಮಂದಿ ಅದಾರ. ಎಲ್ಲಾರದೂ ಮುಗಿಯೂತನಕ ನಿಂತು ನೋಡಿ ಹೋಗು."

ಅವರ ಹಟ್ಟಿ ಬಸ್ಸಿಗೆ ಹೊತ್ತಾಗಿತ್ತು, ಹೊರಟರು. ನಾನು ಚೀಲ ಕೆಳಗಿಟ್ಟು, ಅವರು ಕೂತಿದ್ದ ಮೂಲೆಯಲ್ಲಿ ಕೂತೆ. ಉಳಿದ ನಾಲ್ವರದೂ ಮುಗಿಯುವವರೆಗೆ ಗೂಡಿನ ಬಾಗಿಲು ತೆಗೆಯಬೇಕಾಗಿ ಬರಲಿಲ್ಲ.